ತಲೆಗೆ ಬಿದ್ದ ಪೆಟ್ಟು ಮರುದಿನ ಮಾತಾಡುತ್ತದೆ

ಶಾಲಾ ಕಬಡ್ಡಿ ಪಂದ್ಯ. ರೇಡರ್‌ನ ಕಾಲು ಹಿಡಿಯಲು ಬಗ್ಗಿದ ಹುಡುಗನ ತಲೆಗೆ ಮೊಣಕಾಲು ಬಡಿಯುತ್ತದೆ. ಯಾರೋ ಮುಖಕ್ಕೆ ನೀರು ಚಿಮುಕಿಸುತ್ತಾರೆ. "ಏನೂ ಆಗಿಲ್ಲ ಸರ್" ಎಂದು ಎದ್ದು ನಿಲ್ಲುತ್ತಾನೆ, ಆಟ ಸಾಗುತ್ತದೆ. ನಾವು ಎಡವುವುದು ಇಲ್ಲೇ. ಪೆಟ್ಟಿನ ರಭಸಕ್ಕೆ ಬುರುಡೆಯೊಳಗೆ ಮೆದುಳು ಅಲುಗಾಡಿ, ಅದರ ಕೆಲಸ ಏರುಪೇರಾಗುವುದೇ ಕನ್‌ಕಶನ್. ಅದರ ಲಕ್ಷಣಗಳು ದಿನದಿಂದ ದಿನಕ್ಕೆ ಬದಲಾಗುತ್ತವೆ.

ತಪ್ಪು ಕಲ್ಪನೆ: ಪ್ರಜ್ಞೆ ತಪ್ಪದಿದ್ದರೆ ಭಯವಿಲ್ಲ.
ಸತ್ಯ: ಕನ್‌ಕಶನ್ ಆದವರಲ್ಲಿ ಹೆಚ್ಚಿನವರಿಗೆ ಪ್ರಜ್ಞೆ ತಪ್ಪುವುದೇ ಇಲ್ಲ. ಕೇಳಿದ್ದನ್ನೇ ಮತ್ತೆ ಕೇಳುವುದು, ಸ್ಕೋರ್ ಮರೆಯುವುದು, ಮಂಕಾಗಿ ನೋಡುವುದು, ತೂರಾಡುವುದು, ಇವುಗಳಲ್ಲಿ ಒಂದು ಕಂಡರೂ ಆ ದಿನ ಆಟ ನಿಲ್ಲಿಸಬೇಕು.

ತಪ್ಪು ಕಲ್ಪನೆ: ಮೈದಾನದಲ್ಲೇ ಚೇತರಿಸಿಕೊಂಡರೆ ಮುಗಿಯಿತು.
ಸತ್ಯ: 2019ರ ಆಗಸ್ಟ್‌ನಲ್ಲಿ ಲಾರ್ಡ್ಸ್ ಕ್ರಿಕೆಟ್ ಟೆಸ್ಟ್‌ನಲ್ಲಿ ಬೌಲರ್ ಜೋಫ್ರಾ ಆರ್ಚರ್ ಅವರ ಚೆಂಡು ಬ್ಯಾಟರ್ ಸ್ಟೀವ್ ಸ್ಮಿತ್ ಕುತ್ತಿಗೆಗೆ ಬಡಿಯಿತು. ಕನ್‌ಕಶನ್ ಪರೀಕ್ಷೆಗಳಲ್ಲಿ ಪಾಸಾಗಿ ಸ್ಮಿತ್ ಮತ್ತೆ ಬ್ಯಾಟ್ ಹಿಡಿದರು. ಮರುದಿನ ಬೆಳಿಗ್ಗೆ ಎದ್ದಾಗ ತಲೆನೋವು, ಮಂಪರು; ಪಂದ್ಯದಿಂದಲೇ ಹೊರಗುಳಿಯಬೇಕಾಯಿತು. ವೈದ್ಯರು ಪಕ್ಕದಲ್ಲೇ ಇದ್ದ ಆಟಗಾರನ ಕಥೆಯೇ ಹೀಗಿರುವಾಗ, ನಮ್ಮ ಮಕ್ಕಳ ಮೇಲೆ ಕನಿಷ್ಠ ಎರಡು ದಿನ ಕಣ್ಣಿಡಲೇಬೇಕು.

ತಪ್ಪು ಕಲ್ಪನೆ: ಸ್ಕ್ಯಾನ್ ನಾರ್ಮಲ್ ಬಂದರೆ ಮೆದುಳಿಗೆ ಏನೂ ಆಗಿಲ್ಲ.
ಸತ್ಯ: ಸಿ.ಟಿ. ಸ್ಕ್ಯಾನ್ ಹುಡುಕುವುದು ರಕ್ತಸ್ರಾವವನ್ನು, ಮೂಳೆ ಮುರಿತವನ್ನು. ಕನ್‌ಕಶನ್ ಸಾಮಾನ್ಯವಾಗಿ ಅದರಲ್ಲಿ ಕಾಣುವುದಿಲ್ಲ.

ತಪ್ಪು ಕಲ್ಪನೆ: ತಲೆನೋವು ಹೋದರೆ ವಾಸಿಯಾದಂತೆ.
ಸತ್ಯ: ಮೊದಲ ದಿನಗಳಲ್ಲಿ ತಲೆನೋವು, ತಲೆಸುತ್ತು, ವಾಕರಿಕೆ, ಬೆಳಕು, ಸದ್ದು ಸಹಿಸಲಾಗದ ಸ್ಥಿತಿ. ಇವು ತಗ್ಗುವ ಹೊತ್ತಿಗೆ ಸಿಡುಕು, ಕಾರಣವಿಲ್ಲದ ಅಳು, ನಿದ್ದೆಗೇಡು ಶುರುವಾಗಬಹುದು. ವಿಜ್ಞಾನದ ಪಾಠದ ಒಂದೇ ಸಾಲನ್ನು ಮೂರು ಸಲ ಓದಿಯೂ ತಲೆಗೆ ಹತ್ತದ ಹುಡುಗಿಯನ್ನು "ಸೋಮಾರಿ" ಎಂದು ಬೈಯಬೇಡಿ. ಅವಳ ಮೆದುಳು ಇನ್ನೂ ಸುಧಾರಿಸಿಕೊಳ್ಳುತ್ತಿದೆ. ಹೆಚ್ಚಿನ ಮಕ್ಕಳು ನಾಲ್ಕು ವಾರದೊಳಗೆ ಗುಣವಾಗುತ್ತಾರೆ. ಕೆಲವರಿಗೆ ಇನ್ನೂ ಹೆಚ್ಚು ಕಾಲ ಬೇಕು.

ತಪ್ಪು ಕಲ್ಪನೆ: ವಾರಗಟ್ಟಲೆ ಕತ್ತಲೆ ಕೋಣೆಯಲ್ಲಿ ಮಲಗಿಸಬೇಕು.
ಸತ್ಯ: 2022ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಸೇರಿದ್ದ ಕನ್‌ಕಶನ್ ತಜ್ಞರ ಸಲಹೆ ಬೇರೆ. ಒಂದೆರಡು ದಿನ ವಿಶ್ರಾಂತಿ, ಮೊಬೈಲ್ ಕಡಿಮೆ, ಹಗುರ ನಡಿಗೆ. ಆಮೇಲೆ ಮೊದಲು ಪಾಠ, ನಂತರ ಹಂತಹಂತವಾಗಿ ಆಟ. ಒಂದೊಂದು ಹಂತಕ್ಕೂ ಕನಿಷ್ಠ ಒಂದು ದಿನ. ಪೂರ್ತಿ ಆಟಕ್ಕೆ ವೈದ್ಯರ ಒಪ್ಪಿಗೆ ಬೇಕೇ ಬೇಕು.

ಪದೇ ಪದೇ ವಾಂತಿ, ಹೆಚ್ಚುತ್ತಲೇ ಹೋಗುವ ತಲೆನೋವು, ಫಿಟ್ಸ್, ಎಬ್ಬಿಸಿದರೂ ಏಳದ ಮಂಪರು, ಕೈಕಾಲಲ್ಲಿ ಬಲವಿಲ್ಲದಿರುವುದು ಕಂಡರೆ ತಡಮಾಡದೆ ಆಸ್ಪತ್ರೆಗೆ ಒಯ್ಯಿರಿ.

2006ರಲ್ಲಿ ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ 13 ವರ್ಷದ ಜಾಕರಿ ಲೈಸ್ಟೆಡ್, ತಲೆಗೆ ಪೆಟ್ಟು ಬಿದ್ದ ಪಂದ್ಯದಲ್ಲೇ ಮತ್ತೆ ಅಂಗಳಕ್ಕಿಳಿದ. ಪಂದ್ಯ ಮುಗಿದಾಗ ಕುಸಿದುಬಿದ್ದ. ಬದುಕಿದ, ಆದರೆ ಶಾಶ್ವತ ಅಂಗವೈಕಲ್ಯದೊಂದಿಗೆ. 2009ರಲ್ಲಿ ಅವನ ಹೆಸರಿನಲ್ಲೇ ಅಲ್ಲಿ ಕಾನೂನು ಬಂತು: ಕನ್‌ಕಶನ್‌ನ ಅನುಮಾನ ಬಂದ ಮಗುವನ್ನು ಆಟದಿಂದ ಹೊರಗೆ ಕೂರಿಸಲೇಬೇಕು. ನಮ್ಮ ಮೈದಾನದ ಪಿ.ಟಿ. ಮೇಷ್ಟರು ಇದಕ್ಕೆ ಕಾನೂನಿನ ದಾರಿ ಕಾಯಬೇಕಿಲ್ಲ. "ಇವತ್ತು ಸಾಕು ಮಗು, ಕೂತ್ಕೋ" ಎಂದರೆ ಸಾಕು.