ಹಳೆಯ ಪಿಕಪ್ಪಿನ ಹಿಂಬದಿಯ ಕಮಾನು

ಎತ್ತಿನ ಬಂಡಿಗೆ ಕಮಾನಿಲ್ಲ. ಚಿಂಚೋಳಿಯ ಕಡೆ ಬಂಡಿಯಲ್ಲಿ ಕುಳಿತು ಜಾತ್ರೆಗೆ ಹೋದವರಿಗೆ ಇದನ್ನು ಬಿಡಿಸಿ ಹೇಳಬೇಕಾದ್ದಿಲ್ಲ. ದಾರಿಯ ಒಂದೊಂದು ಕಲ್ಲಿನ ಲೆಕ್ಕವೂ ಬೆನ್ನಿಗೆ ಸಿಕ್ಕಿರುತ್ತದೆ. ಟಾಂಗಾ ಬಂದ ಮೇಲೆ ಅಚ್ಚಿಗೂ ಆಸನಕ್ಕೂ ನಡುವೆ ಬಾಗಿದ ಉಕ್ಕಿನ ಪಟ್ಟಿಗಳು ಬಂದುವು. ೧೯೩೨ರಲ್ಲಿ ನಿಜಾಮ್ ಸಂಸ್ಥಾನದ ಸಾರಿಗೆ ಇಲಾಖೆಯು ೨೭ ಆಲ್ಬಿಯನ್ ಬಸ್ಸುಗಳನ್ನು ರಸ್ತೆಗೆ ಇಳಿಸಿದಾಗ ಸೇಡಂ, ಚಿತ್ತಾಪುರಗಳು ಆ ಸಂಸ್ಥಾನದೊಳಗೇ ಇದ್ದುವು. ಆ ಬಸ್ಸುಗಳ ಕೆಳಗಿದ್ದ ಪಟ್ಟಿಗಳ ಕಟ್ಟೇ ಇಂದು ಶಹಾಬಾದಿನಿಂದ ಕಲ್ಲು ಹೇರಿಕೊಂಡು ಹೊರಡುವ ಲಾರಿಯ ಕೆಳಗೂ ಉಂಟು. ಕಮಾನು ಎಂದರೆ ಪಾರಸಿಯಲ್ಲಿ ಬಿಲ್ಲು. ಹೆಸರಿಟ್ಟವರು ಸರಿಯಾಗಿಯೇ ಇಟ್ಟಿದ್ದಾರೆ.

ಈಚೆಗೆ ಹಳೆಯ ಪಿಕಪ್ ಗಾಡಿಗಳನ್ನು ಹುಡುಕಿ ತಂದು, ಬಣ್ಣ ಬಳಿಸಿ, ನೆಲಕ್ಕೆ ಹತ್ತಿರವಾಗಿ ತಗ್ಗಿಸಿ ಓಡಿಸುವ ಹವ್ಯಾಸವೊಂದು ಹುಟ್ಟಿಕೊಂಡಿದೆ. ಎರಡನೆಯ ಮಹಾಯುದ್ಧದ ಬಳಿಕ ಅಮೆರಿಕದಲ್ಲಿ ಬೆಳೆದ ರೂಢಿಯಿದು. ಗಾಡಿ ತಗ್ಗಿದರೆ ನೋಡಲು ಚೆಂದ, ಸಾಮಾನು ಹೇರಲು ಸುಲಭ. ಹಾಗೆ ತಗ್ಗಿಸಿದ ಗಾಡಿಯನ್ನು ಕೊಂಡವರು ಮಾತ್ರ ಕೆಲವೇ ದಿನಗಳಲ್ಲಿ ಗ್ಯಾರೇಜಿಗೆ ಬಂದು, “ಹಿಂದೆ ಧಡ್ ಧಡ್ ಅಂತ ಬಡಿಯಲಿಕತ್ತದ, ಕಮಾನು ಬದಲಿ ಮಾಡ್ರಿ” ಎನ್ನುತ್ತಾರೆ. ದೋಷ ಯಾವಾಗಲೂ ಕಮಾನಿನದಲ್ಲ. ಅದು ಹೇಗೆಂಬುದನ್ನು ನೋಡೋಣ.

ಸ್ಪ್ರಿಂಗಿನ ಮೇಲೆ ಭಾರ ಇಮ್ಮಡಿಯಾದರೆ ಅದು ಕುಗ್ಗುವುದೂ ಇಮ್ಮಡಿಯಾಗುತ್ತದೆ ಎಂಬ ನಿಯಮವನ್ನು ಇಂಗ್ಲೆಂಡಿನ ರಾಬರ್ಟ್ ಹುಕ್ ೧೬೭೮ರಲ್ಲಿ ವಿವರಿಸಿದನು. ಒಂದು ಗಾಡಿಯ ಹಿಂಬದಿಯ ಎರಡು ಕಮಾನುಗಳೂ ಸೇರಿ ೧೦೦ ಕಿಲೋಗ್ರಾಂ ಭಾರಕ್ಕೆ ಒಂದು ಅಂಗುಲ ಕುಗ್ಗುತ್ತವೆ ಎಂದಿಟ್ಟುಕೊಳ್ಳಿ. ಆಕ್ಸಲಿಗೂ ಅದರ ಮೇಲಿನ ರಬ್ಬರ್ ತಡೆಗೂ ನಡುವೆ ೫ ಅಂಗುಲ ತೆರಪಿದೆ. ೨೦೦ ಕಿಲೋ ಹೇರಿದರೆ ೨ ಅಂಗುಲ ಹೋಗಿ ೩ ಅಂಗುಲ ಉಳಿಯುತ್ತದೆ. ರಸ್ತೆಯ ಉಬ್ಬುತಗ್ಗುಗಳಿಗೆ ಚಕ್ರವು ಏರಲು ಬೇಕಾದ ಜಾಗವೆಂದರೆ ಉಳಿದ ಈ ೩ ಅಂಗುಲವೇ. ಈಗ ಗಾಡಿಯನ್ನು ೩ ಅಂಗುಲ ತಗ್ಗಿಸಿದರೆಂದರೆ ಖಾಲಿ ಗಾಡಿಗೇ ೨ ಅಂಗುಲ ಉಳಿಯಿತು. ಎರಡಡಿ ಚದರದ, ಒಂದೂವರೆ ಅಂಗುಲ ದಪ್ಪದ ಶಹಾಬಾದ್ ಫರಸಿ ಸುಮಾರು ೩೭ ಕಿಲೋ ತೂಗುತ್ತದೆ. ಅಂಥ ಆರು ಕಲ್ಲು ಹೇರಿದರೆ ನಿಂತ ಗಾಡಿಯ ಆಕ್ಸಲೇ ತಡೆಗೆ ತಗುಲುತ್ತದೆ. ಆಗ ಕಮಾನು ಇದ್ದೂ ಇಲ್ಲದಂತೆ. ಪಿಕಪ್ಪು ಮತ್ತೆ ಬಂಡಿಯಾಯಿತು!

ಫರಸಿಯನ್ನು ಲಾರಿಯಲ್ಲಿ ಮಲಗಿಸದೆ ಅಂಚಿನ ಮೇಲೆ ನಿಲ್ಲಿಸಿ ಹೇರುವುದನ್ನು ವಾಡಿಯವರು ದಿನವೂ ನೋಡುತ್ತಾರೆ. ಮಲಗಿದ ತೆಳುಗಲ್ಲು ಪೆಟ್ಟಿಗೆ ಬಾಗಲಾರದು, ಒಡೆಯುತ್ತದೆ. ಆಕ್ಸಲ್ ತಡೆಗೆ ಬಡಿದಾಗ ಬರುವ ಪೆಟ್ಟು ಕಲ್ಲಿಗೂ, ಚಾಸಿಗೂ, ಒಳಗೆ ಕುಳಿತ ಮಕ್ಕಳ ಬೆನ್ನಿಗೂ ಒಂದೇ. ನಮ್ಮ ಸೀಮೆಯ ಎರೆಭೂಮಿಯ ಗುಣವೂ ಇದಕ್ಕೆ ಸೇರುತ್ತದೆ. ಆ ಮಣ್ಣು ಮಳೆಗಾಲದಲ್ಲಿ ನೀರು ಕುಡಿದು ಉಬ್ಬುತ್ತದೆ, ಬೇಸಗೆಯಲ್ಲಿ ಕುಗ್ಗಿ ಬಿರಿಯುತ್ತದೆ; ಮೇಲಿನ ಡಾಂಬರು ಅಲೆಯಲೆಯಾಗುತ್ತದೆ. ಇಂಥ ರಸ್ತೆಯಲ್ಲಿ ಓಡುವ ಗಾಡಿಗೆ ತೆರಪು ಹೆಚ್ಚು ಬೇಕೇ ಹೊರತು ಕಡಮೆಯಲ್ಲ.

ಇನ್ನು ತಗ್ಗಿಸುವ ವಿಧಾನಗಳು. ಇವುಗಳಲ್ಲಿ ತೀರ ಕೆಟ್ಟದ್ದು ಕಮಾನನ್ನು ಗ್ಯಾಸ್ ಬೆಂಕಿಯಲ್ಲಿ ಕಾಯಿಸಿ ಇಳಿಸುವುದು. ಉಕ್ಕಿನ ಪಟ್ಟಿಯನ್ನು ಕಾರ್ಖಾನೆಯಲ್ಲಿ ಕಾಯಿಸಿ, ತಣಿಸಿ, ಮತ್ತೆ ಹದವಾಗಿ ಕಾಯಿಸಿ ಅದಕ್ಕೆ ಪುಟಿಯುವ ಗುಣ ಬರಿಸಿರುತ್ತಾರೆ. ಅಂದಾಜಿನ ಬೆಂಕಿ ಆ ಹದವನ್ನು ಕೆಡಿಸುತ್ತದೆ. ಪಟ್ಟಿ ಒಂದೋ ಜೋತುಬೀಳುತ್ತದೆ, ಇಲ್ಲವೇ ಒಂದು ದಿನ ದಾರಿಯಲ್ಲಿ ಮುರಿಯುತ್ತದೆ.

ಎರಡನೆಯದು, ಗ್ಯಾರೇಜಿನವರು ಬ್ಲೇಡು ಎನ್ನುವ ಪಟ್ಟಿಗಳಲ್ಲಿ ಒಂದೆರಡನ್ನು ತೆಗೆದುಹಾಕುವುದು. ಸಮ ದಪ್ಪದ ಐದು ಪಟ್ಟಿಗಳಲ್ಲಿ ಒಂದನ್ನು ತೆಗೆದರೆ ಕಮಾನಿನ ಬಿಗಿ ಸುಮಾರು ಐದರಲ್ಲೊಂದು ಪಾಲು ತಗ್ಗುತ್ತದೆ. ಇಲ್ಲಿ ನಷ್ಟ ಎರಡು ಬಗೆ: ತೆರಪೂ ಕಡಮೆಯಾಯಿತು, ಉಳಿದ ತೆರಪನ್ನು ಕಾಯುವ ಬಲವೂ ಕಡಮೆಯಾಯಿತು.

ಮೂರನೆಯದು, ಕಮಾನಿನ ಕೆಳಗಿರುವ ಆಕ್ಸಲನ್ನು ಅದರ ಮೇಲಕ್ಕೆ ಕೂರಿಸುವುದು. ಕಮಾನಿನ ಬಿಗಿ ಇದ್ದಂತೆಯೇ ಇರುತ್ತದೆ, ಗಾಡಿ ಐದಾರು ಅಂಗುಲ ಇಳಿಯುತ್ತದೆ. ಆದರೆ ಒಬ್ಬರ ಗಾಡಿಗೆ ಆದದ್ದು ಇನ್ನೊಬ್ಬರದಕ್ಕೆ ಆಗಬೇಕೆಂದಿಲ್ಲ. ವಿಲಿಸ್ ಮಾದರಿಯ ಹಳೆಯ ಮಹೀಂದ್ರ ಜೀಪಿನಲ್ಲಿ ಕಮಾನು ಆಕ್ಸಲಿನ ಕೆಳಗೇ ಇರುತ್ತದೆ. ಅಲ್ಲಿ ಅದಲುಬದಲು ಮಾಡಿದರೆ ಗಾಡಿ ಇಳಿಯುವ ಬದಲು ಏರಿ ನಿಲ್ಲುತ್ತದೆ. ಕಮಾನಿನ ತುದಿಯ ಶ್ಯಾಕಲನ್ನು ಬದಲಿಸುವ ಉಪಾಯವೂ ಉಂಟು. ಆಕ್ಸಲ್ ಕಮಾನಿನ ನಡುವೆ ಇರುವುದರಿಂದ, ತುದಿಯಲ್ಲಿ ಮಾಡಿದ ೨ ಅಂಗುಲದ ವ್ಯತ್ಯಾಸ ಆಕ್ಸಲಿನಲ್ಲಿ ಸುಮಾರು ಒಂದೇ ಅಂಗುಲವಾಗಿ ಕಾಣುತ್ತದೆ. ಅದರೊಡನೆ ಆಕ್ಸಲ್ ಕೊಂಚ ವಾಲುತ್ತದೆ. ಶಾಫ್ಟಿನ ತುದಿಯ ಜಾಯಿಂಟುಗಳ ಕೋನ ತಪ್ಪಿ ವೇಗದಲ್ಲಿ ನಡುಕ ಹುಟ್ಟುತ್ತದೆ.

ಯಾವ ದಾರಿ ಹಿಡಿದರೂ, ಮೂಲದ ಚಾಸಿ ಹಾಗೆಯೇ ಇರುವವರೆಗೆ, ಇಳಿಸಿದ ಪ್ರತಿ ಅಂಗುಲವನ್ನೂ ಆ ತೆರಪಿನಿಂದಲೇ ಕಳೆಯಬೇಕು. ಅದಕ್ಕಾಗಿಯೇ ಕೆಲವರು ಆಕ್ಸಲಿನ ನೇರಕ್ಕೆ ಚಾಸಿಯ ಪಟ್ಟಿಯನ್ನು ಅರೆಚಂದ್ರಾಕಾರವಾಗಿ ಕತ್ತರಿಸಿ, ಸುತ್ತಲೂ ಉಕ್ಕು ಬೆಸೆದು ಜಾಗ ಮಾಡಿಕೊಳ್ಳುತ್ತಾರೆ. ಭಾರವೆಲ್ಲ ಹೊರುವ ತೊಲೆಯನ್ನು ನಡುವೆ ಕಚ್ಚು ಹಾಕಿದಂತೆ ಇದು. ಬೆಸುಗೆ ಕೈಕೊಟ್ಟರೆ ಗಾಡಿಯ ಸೊಂಟವೇ ಮುರಿಯಿತು.

ಕಾನೂನಿನ ಮಾತನ್ನೂ ಮರೆಯಬಾರದು. ೧೯೮೮ರ ಮೋಟಾರು ವಾಹನಗಳ ಕಾಯಿದೆಯ ೫೨ನೆಯ ಕಲಮು, ತಯಾರಕರು ಗೊತ್ತುಮಾಡಿದ ಮೂಲ ವಿವರಗಳಿಗೆ ಭಿನ್ನವಾಗುವಂತೆ ಗಾಡಿಯನ್ನು ಬದಲಿಸಕೂಡದೆನ್ನುತ್ತದೆ. ೨೦೧೯ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವೂ ಇದನ್ನು ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಂತೆ ಇಂಥ ಒಂದೊಂದು ಬದಲಾವಣೆಗೂ ೫,೦೦೦ ರೂಪಾಯಿ ದಂಡ, ಆರು ತಿಂಗಳವರೆಗೆ ಸೆರೆ, ಇಲ್ಲವೇ ಎರಡನ್ನೂ ವಿಧಿಸಬಹುದು. ೨೦೨೧ರಲ್ಲಿ ಐವತ್ತು ವರ್ಷ ದಾಟಿದ ಖಾಸಗಿ ಗಾಡಿಗಳಿಗೆ ವಿಂಟೇಜ್ ಎಂಬ ಬೇರೆ ನೋಂದಣಿ ಬಂದಿತು. ಅದಕ್ಕೂ ಗಾಡಿ ಮೂಲರೂಪದಲ್ಲೇ ಇರಬೇಕೆಂಬುದು ನಿಯಮ. ಅಜ್ಜನ ಗಾಡಿಯ ಚಾಸಿ ಕತ್ತರಿಸಿದವರು ಆ ಗೌರವವನ್ನೂ ಕತ್ತರಿಸಿಕೊಂಡಂತಾಗುತ್ತದೆ.

ಆದುದರಿಂದ ತಗ್ಗಿಸಿದ ಹಳೆಯ ಗಾಡಿ ನಿಮ್ಮ ಕೈಗೆ ಬಂದಿದ್ದರೆ ಮೊದಲು ಅದರ ತೆರಪನ್ನು ಅಳೆಯಿರಿ. ಅದಕ್ಕೊಂದು ಮನೆಯ ಉಪಾಯವುಂಟು. ರಬ್ಬರ್ ತಡೆಯ ನೇರಕ್ಕೆ ಆಕ್ಸಲಿನ ಮೇಲೆ ಜೋಳದ ಹಿಟ್ಟಿನ ಗಟ್ಟಿಯಾದ ಉಂಡೆಯೊಂದನ್ನು ಅಂಟಿಸಿ, ಎಂದಿನ ಭಾರ ಹೇರಿ, ಎಂದಿನ ರಸ್ತೆಯಲ್ಲಿ ನಿಧಾನವಾಗಿ ಹೋಗಿಬನ್ನಿ. ಉಂಡೆ ಎಷ್ಟು ಎತ್ತರಕ್ಕೆ ಚಪ್ಪಟೆಯಾಗಿದೆಯೋ ಅಷ್ಟೇ ನಿಮಗೆ ಉಳಿದ ಜಾಗ. ರೊಟ್ಟಿಯಂತೆ ತೆಳ್ಳಗಾಗಿದ್ದರೆ ಆಕ್ಸಲ್ ತಡೆಯನ್ನು ಬಡಿಯುತ್ತಿದೆ ಎಂದರ್ಥ. ಆಗ ಇನ್ನಷ್ಟು ದಪ್ಪ ಪಟ್ಟಿ ಸೇರಿಸಿ ಬಿಗಿ ಮಾಡುವುದು ಪರಿಹಾರವಲ್ಲ. ಬಡಿತ ಕಡಮೆಯಾದೀತು, ಕುಲುಕಾಟ ಹೆಚ್ಚೀತು. ಮೂಲದ ಅಳತೆಯ, ಮೂಲದ ಬಾಗಿನ ಕಮಾನನ್ನು ಕೂರಿಸಿ, ಆಕ್ಸಲನ್ನು ಅದರ ಸ್ಥಾನಕ್ಕೆ ತಂದು, ಗಾಡಿಯನ್ನು ಎದ್ದು ನಿಲ್ಲಿಸುವುದೇ ಸರಿಯಾದ ದಾರಿ.

ಆ ಕೆಲಸವಾದ ದಿನವೇ ಇನ್ನು ಮೂರನ್ನು ನೋಡಿಸಿರಿ. ತಗ್ಗಿದ ಗಾಡಿಗೆಂದು ಹಾಕಿದ ಗಿಡ್ಡ ಶಾಕ್ ಅಬ್ಸಾರ್ಬರುಗಳು ಈಗ ಸಾಲವು. ಹಿಂದಿನ ಬ್ರೇಕಿನ ರಬ್ಬರ್ ನಳಿಗೆ ಎಲ್ಲಿಯೂ ಬಿಗಿದು ಎಳೆಯಬಾರದು. ಹಿಂಬದಿ ಏರಿದ್ದರಿಂದ ಮುಂದಿನ ದೀಪಗಳ ಬೆಳಕು ಕೆಳಕ್ಕೆ ಬಿದ್ದಿರುತ್ತದೆ. ಸೇಡಂ ದಾರಿಯಲ್ಲಿ ರಾತ್ರಿ ಹೊರಡುವ ಮೊದಲು ಅದನ್ನೂ ಸರಿಪಡಿಸಿಕೊಳ್ಳಬೇಕು.