ಬೆಣ್ಣೆ ಕದ್ದವಳು ಯಾರು?

ಎಷ್ಟು ಹೊತ್ತು ಕಡೆದರೂ ಬೆಣ್ಣೆ ಬಾರದಿದ್ದರೆ ನೀವೇನು ಮಾಡುತ್ತೀರಿ? ಸ್ವಲ್ಪ ತಣ್ಣೀರೋ ಬಿಸಿನೀರೋ ಸೇರಿಸಿ ಮತ್ತೆ ಕಡೆಯುತ್ತೀರಿ. ನೂರೈವತ್ತು ವರ್ಷಗಳ ಹಿಂದೆ ಐರ್ಲೆಂಡಿನ ಹಳ್ಳಿಯ ಗೃಹಿಣಿಗೆ ಮಾತ್ರ ಮೊದಲು ನೆನಪಾಗುತ್ತಿದ್ದುದು, ಈಗಷ್ಟೇ ಮನೆಗೆ ಬಂದು ಹೋದ ನೆರೆಮನೆಯಾಕೆ!

ಅವಳ ಆತಂಕವನ್ನು ನಗೆಯಾಡಿ ತಳ್ಳಿಬಿಡಬೇಡಿ. ಎರಡೋ ಮೂರೋ ಹಸು ಸಾಕಿದ ಬಡ ಕುಟುಂಬಕ್ಕೆ ಬೆಣ್ಣೆ ಮಾರಿದ ದುಡ್ಡೇ ಜಮೀನುದಾರನ ಗೇಣಿಗೆ ಆಧಾರ. ಕಾರ್ಕ್ ನಗರದಲ್ಲಿ 1770ರಲ್ಲಿ ವ್ಯವಸ್ಥಿತಗೊಂಡ ಬೆಣ್ಣೆ ಮಾರುಕಟ್ಟೆ, 19ನೇ ಶತಮಾನದಲ್ಲಿ ಜಗತ್ತಿನ ಅತಿ ದೊಡ್ಡ ಬೆಣ್ಣೆ ಪೇಟೆಗಳಲ್ಲೊಂದಾಗಿತ್ತು. ಬೆಣ್ಣೆ ಬರಲಿಲ್ಲವೆಂದರೆ ಗೇಣಿಯೂ ಇಲ್ಲ. ಗೇಣಿ ಕಟ್ಟದವನು ಮನೆ ಖಾಲಿ ಮಾಡಬೇಕು.

ಭಯ ಹೆಚ್ಚುತ್ತಿದ್ದುದು ಮೇ 1ರಂದು. ಹಸುರು ಮೇವು ಚಿಗುರಿ ಹಸುಗಳು ಹಾಲು ತುಂಬಿಕೊಳ್ಳುವ ಕಾಲವದು. ಆ ದಿನ ಯಾರಿಗೂ ಹಾಲು, ಉಪ್ಪು, ಬೆಂಕಿ ಕೊಡುತ್ತಿರಲಿಲ್ಲ. ಮುಂಜಾನೆ ಮೊದಲು ಯಾರ ಮನೆಯಿಂದ ಹೊಗೆ ಏಳುವುದೋ ಅವರ ಮೇಲೆಯೇ ಗುಮಾನಿ. ಪರರ ಹೊಲದ ಇಬ್ಬನಿಯನ್ನು ಬಟ್ಟೆಯಲ್ಲಿ ಒತ್ತಿ ತೆಗೆದರೆ ಆ ಮನೆಯ ಬೆಣ್ಣೆಯೆಲ್ಲ ಅವಳ ಪಾಲಾಗುವುದಂತೆ. ಹಸುವಿನ ಬಾಲಕ್ಕೆ ಕೆಂಪು ದಾರ, ಕಡೆಯುವ ಪಾತ್ರೆಗೆ ರೋವನ್ ಮರದ ಕಡ್ಡಿ ಕಟ್ಟಿ ರಕ್ಷಣೆ ಪಡೆಯುತ್ತಿದ್ದರು.

ಇನ್ನೊಂದು ಕಥೆ ಊರೂರಲ್ಲೂ ಇತ್ತು. ಬೆಳಗಿನ ಜಾವ ಹಸುವಿನ ಕೆಚ್ಚಲಿಗೆ ಬಾಯಿಟ್ಟ ಮೊಲವೊಂದನ್ನು ನಾಯಿ ಅಟ್ಟಿಸಿಕೊಂಡು ಹೋಗಿ ಕಾಲಿಗೆ ಕಚ್ಚುತ್ತದೆ. ಮೊಲ ಒಂದು ಗುಡಿಸಲೊಳಗೆ ನುಗ್ಗುತ್ತದೆ. ಹಿಂದೆಯೇ ಹೋದವರಿಗೆ ಕಾಣುವುದು ಮೊಲವಲ್ಲ, ಕಾಲಿನಲ್ಲಿ ರಕ್ತ ಸುರಿಯುತ್ತಾ ಮಲಗಿದ ಮುದುಕಿ! 12ನೇ ಶತಮಾನದಲ್ಲೇ ಜೆರಾಲ್ಡ್ ಆಫ್ ವೇಲ್ಸ್ ಎಂಬ ಪಾದ್ರಿ ಇಂತಹ ದೂರುಗಳ ಬಗ್ಗೆ ಬರೆದಿಟ್ಟಿದ್ದಾನೆ.

ಗಮನಿಸಿದಿರಾ? ಕಥೆಯಲ್ಲಿ ಸಿಕ್ಕಿಬೀಳುವವಳು ಹೆಚ್ಚಾಗಿ ಒಂಟಿ ಮುದುಕಿಯೇ. ಕೆನೆ ಹೆಚ್ಚು ತಣ್ಣಗಿದ್ದರೂ ಬೆಚ್ಚಗಿದ್ದರೂ ಬೆಣ್ಣೆ ಕೂಡುವುದಿಲ್ಲ. ಹಸುವಿಗೆ ಕೆಚ್ಚಲು ಬಾವು ಬಂದರೆ ಹಾಲು ಕೆಡುತ್ತದೆ. ಇದರಲ್ಲಿ ಆ ಮುದುಕಿಯ ತಪ್ಪೇನು? ಚೋದ್ಯವೆಂದರೆ, ಹಸು ಕಾಯಿಲೆ ಬಿದ್ದಾಗ ಜನ ಓಡುತ್ತಿದ್ದುದೂ ಕ್ಲೇರ್ ಪ್ರಾಂತದ ಬಿಡ್ಡಿ ಅರ್ಲಿಯಂತಹ ನಾಟಿವೈದ್ಯೆಯ ಬಳಿಗೇ. 1874ರಲ್ಲಿ ತೀರಿಕೊಂಡ ಆಕೆಯ ಕಥೆಗಳನ್ನು ಲೇಡಿ ಗ್ರೆಗರಿ ಸಂಗ್ರಹಿಸಿದ್ದಾರೆ.

ಎಲ್ಲ ನಂಬಿಕೆಗಳೂ ಕೆಡುಕಿನವೇ ಆಗಿರಲಿಲ್ಲವೆನ್ನಿ. ಕಡೆಯುವಾಗ ಮನೆಗೆ ಬಂದವರು ದೇವರು ಈ ಕೆಲಸವನ್ನು ಹರಸಲಿ ಎಂದು ಹೇಳಿ ತಾವೂ ಒಂದಿಷ್ಟು ಹೊತ್ತು ಕಡೆಯಬೇಕಿತ್ತು; ಹಾಗೇ ಹೋದರೆ ಬೆಣ್ಣೆಯೂ ಅವರೊಡನೆ ಹೋದಂತೆ. ತೋಳು ಸೋತ ಗೃಹಿಣಿಗೆ ಅಷ್ಟು ಹೊತ್ತಾದರೂ ಬಿಡುವು!

1937ರಿಂದ 1939ರವರೆಗೆ ಐರ್ಲೆಂಡಿನ ಶಾಲಾಮಕ್ಕಳು ಅಜ್ಜ ಅಜ್ಜಿಯರನ್ನು ಕೇಳಿ ಇವನ್ನೆಲ್ಲ ನೋಟುಪುಸ್ತಕಗಳಲ್ಲಿ ಬರೆದರು. ಅಷ್ಟರಲ್ಲಾಗಲೇ ಹಲವೆಡೆ ಹಾಲು ನೇರವಾಗಿ ಡೈರಿಗೆ ಹೋಗತೊಡಗಿತ್ತು. ಬೆಣ್ಣೆ ಕದಿಯುವ ಮುದುಕಿಯರ ಮಾತು ಕಡಿಮೆಯಾಯಿತು. ಅದರೊಂದಿಗೆ, ಗೃಹಿಣಿ ತನ್ನ ಕೈಯಾರೆ ಕಡೆದು ಗಳಿಸುತ್ತಿದ್ದ ಬೆಣ್ಣೆಯ ದುಡ್ಡೂ ಎಷ್ಟೋ ಮನೆಗಳಲ್ಲಿ ಅವಳ ಕೈತಪ್ಪಿತು.