ಪೇಟೆಂಟು ಅರ್ಜಿಯ ಪ್ರಕಟಣೆಗೆ ಚಿತ್ರದ ಆಯ್ಕೆ

ಹುಣಸೂರು, ಪಿರಿಯಾಪಟ್ಟಣಗಳ ಕಡೆ ಸಂಚರಿಸುವವರಿಗೆ ಹೊಲಗಳ ನಡುವೆ ಎತ್ತರವಾಗಿ ನಿಂತ ತಂಬಾಕಿನ ಬ್ಯಾರನ್ನುಗಳು ಪರಿಚಿತವಾದ ನೋಟ. ಹೊರಗಿನಿಂದ ನೋಡಿದರೆ ಒಂದಕ್ಕೂ ಇನ್ನೊಂದಕ್ಕೂ ಹೆಚ್ಚಿನ ಭೇದ ಕಾಣುವುದಿಲ್ಲ. ಒಲೆ, ಬಿಸಿ ಹೊಗೆ ಹಾಯುವ ಕೊಳವೆ, ಗಾಳಿಯ ಕಿಂಡಿ, ಎಲೆ ಕಟ್ಟಿದ ಕಡ್ಡಿಗಳ ಸಾಲು, ಇವೆಲ್ಲ ಇರುವುದು ಒಳಗೆ. ಸೌದೆಯ ಉಳಿತಾಯವೂ ಎಲೆಯ ಬಣ್ಣವೂ ಬಹುಮಟ್ಟಿಗೆ ಇವುಗಳ ಜೋಡಣೆಯನ್ನೇ ಅವಲಂಬಿಸಿವೆ. ಇಲ್ಲಿನ ರೈತನೊಬ್ಬನು ಕೊಳವೆಯ ಜೋಡಣೆಯಲ್ಲಿ ಹೊಸತೊಂದನ್ನು ಕಂಡುಹಿಡಿದು, ಆರು ಚಿತ್ರಗಳೊಡನೆ ಪೇಟೆಂಟಿಗೆ ಅರ್ಜಿ ಸಲ್ಲಿಸಿದನೆಂದು ಭಾವಿಸೋಣ. ಅರ್ಜಿಯು ಪ್ರಕಟವಾಗುವಾಗ ಸಾರಾಂಶದ ಜೊತೆಗೆ ಬರತಕ್ಕದ್ದು ಸಾಮಾನ್ಯವಾಗಿ ಒಂದೇ ಚಿತ್ರ. ಅದು ಯಾವುದಾಗಿರಬೇಕು? ಈ ಪ್ರಶ್ನೆಯ ವಿಚಾರವೇ ಪ್ರಕೃತ ಲೇಖನದ ಉದ್ದೇಶ.

ಚಿತ್ರಕ್ಕೂ ಪೇಟೆಂಟಿಗೂ ನಮ್ಮ ದೇಶದಲ್ಲಿ ಇರುವ ಸಂಬಂಧ ಹಳೆಯದು. ಹೊಸ ಶೋಧನೆಗಳಿಗೆ ವಿಶೇಷಾಧಿಕಾರ ನೀಡುವ ಕಾನೂನು ಭಾರತದಲ್ಲಿ ಮೊದಲು ಬಂದದ್ದು 1856ರಲ್ಲಿ. ಆ ವರ್ಷವೇ ಕಲ್ಕತ್ತೆಯ ಸಿವಿಲ್ ಇಂಜಿನಿಯರ್ ಜಾರ್ಜ್ ಆಲ್‌ಫ್ರೆಡ್ ಡಿಪೆನಿಂಗ್ ಎಂಬಾತನು ಪಂಖಾ ಎಳೆಯುವ ಯಂತ್ರವೊಂದಕ್ಕಾಗಿ ಸರ್ಕಾರಕ್ಕೆ ಅರ್ಜಿಮಾಡಿಕೊಂಡನು. ಯಂತ್ರವು ಕೆಲಸಮಾಡುವ ಬಗೆಯನ್ನು ತೋರಿಸುವ ಚಿತ್ರಗಳನ್ನು ಆತನು ವಿವರಣಪತ್ರದೊಡನೆ ಒಪ್ಪಿಸಿದನೆಂಬುದು ಗಮನಾರ್ಹ.

ಈಗ ಜಾರಿಯಲ್ಲಿರುವುದು 1970ರ ಪೇಟೆಂಟು ಅಧಿನಿಯಮ ಮತ್ತು 2003ರ ನಿಯಮಗಳು. ಕರ್ನಾಟಕದ ಅರ್ಜಿಗಳು ಚೆನ್ನೈ ಕಾರ್ಯಾಲಯದ ವ್ಯಾಪ್ತಿಗೆ ಸೇರುತ್ತವೆ. ಸಾಮಾನ್ಯವಾಗಿ 18 ತಿಂಗಳು ಕಳೆದ ಮೇಲೆ ಅರ್ಜಿಯು, ಶುಕ್ರವಾರ ಶುಕ್ರವಾರ ಹೊರಬೀಳುವ ಪೇಟೆಂಟು ಕಾರ್ಯಾಲಯದ ಪತ್ರಿಕೆಯಲ್ಲಿ ಪ್ರಕಟವಾಗುತ್ತದೆ. ಸಾರಾಂಶವು 150 ಪದಗಳನ್ನು ಮೀರಕೂಡದು. ಅದರೊಡನೆ ಪ್ರಕಟವಾಗತಕ್ಕ ಚಿತ್ರವನ್ನು ಅರ್ಜಿದಾರನೇ ಸೂಚಿಸಬೇಕೆಂದು 13ನೆಯ ನಿಯಮ ವಿಧಿಸುತ್ತದೆ. ಒಂದಕ್ಕಿಂತ ಹೆಚ್ಚು ಚಿತ್ರಗಳಿಗೆ ಅವಕಾಶವಿರುವುದು ಅಪವಾದವಾಗಿ ಮಾತ್ರ. ಸಾರಾಂಶದಲ್ಲಿ ಹೇಳಿ ಚಿತ್ರದಲ್ಲಿ ತೋರಿಸಿದ ಪ್ರತಿಯೊಂದು ಮುಖ್ಯ ಅಂಗದ ಹೆಸರಿನ ಮುಂದೆ, ಚಿತ್ರದಲ್ಲಿ ಅದಕ್ಕೆ ಕೊಟ್ಟಿರುವ ಗುರುತಿನ ಅಂಕೆಯನ್ನು ಬರೆಯಬೇಕು. ಅನ್ಯರಿಗೆ ಹೆಚ್ಚು ತಿಳಿವಳಿಕೆ ಸಿಗುವಂತೆ ಸಾರಾಂಶವನ್ನು ತಿದ್ದುವ ಅಧಿಕಾರ ನಿಯಂತ್ರಕರಿಗೆ ಉಂಟು. ಅಂತರರಾಷ್ಟ್ರೀಯ ಅರ್ಜಿಗಳ ವಿಷಯದಲ್ಲಿಯಾದರೋ, ಅರ್ಜಿದಾರನು ಸೂಚಿಸಿದ ಚಿತ್ರಕ್ಕಿಂತ ಬೇರೊಂದು ಚಿತ್ರವು ಶೋಧನೆಯ ಲಕ್ಷಣವನ್ನು ಚೆನ್ನಾಗಿ ತೋರಿಸುವುದಾದರೆ, ಶೋಧಪರೀಕ್ಷೆಯ ಅಧಿಕಾರಿಗಳು ಅದನ್ನೇ ಆರಿಸಬಹುದು. ಆಯ್ಕೆಯ ತತ್ತ್ವ ಇದರಿಂದಲೇ ಸ್ಪಷ್ಟವಾಗುತ್ತದೆ. ಆರಿಸಬೇಕಾದದ್ದು ಅಂದವಾದ ಚಿತ್ರವನ್ನಲ್ಲ, ಇಡೀ ವಸ್ತುವಿನ ಚಿತ್ರವನ್ನೂ ಅಲ್ಲ. ಹೊಸತನವು ಕಣ್ಣಿಗೆ ಬೀಳುವ ಚಿತ್ರವನ್ನು.

ಹಾಗಾದರೆ ಹೊಸತನ ಎಲ್ಲಿದೆಯೆಂದು ತಿಳಿಯುವ ಬಗೆ ಹೇಗೆ? ಅರ್ಜಿದಾರನು ತನಗೆ ಯಾವ ಅಂಶಕ್ಕೆ ಹಕ್ಕು ಬೇಕೆಂದು ಕೇಳುತ್ತಾನೋ ಆ ಹಕ್ಕುಕೋರಿಕೆಯ ಮೊದಲ ವಾಕ್ಯವನ್ನು ಮುಂದಿಟ್ಟುಕೊಳ್ಳಬೇಕು. ಅದರಲ್ಲಿ ಹಿಂದೆಯೇ ತಿಳಿದಿದ್ದ ಅಂಗಗಳನ್ನು ಬಿಟ್ಟು ಉಳಿದುದಕ್ಕೆ ಗೆರೆಯೆಳೆಯಬೇಕು. ಆ ಅಂಗವು ತನ್ನ ನೆರೆಯ ಅಂಗಗಳೊಡನೆ, ಗುರುತಿನ ಅಂಕೆಗಳ ಸಹಿತ, ಯಾವ ಚಿತ್ರದಲ್ಲಿ ಕಾಣುವುದೋ ಅದೇ ಆರಿಸತಕ್ಕ ಚಿತ್ರ. ನಮ್ಮ ಬ್ಯಾರನ್ನಿನ ನಿದರ್ಶನದಲ್ಲಿ ಗೋಡೆ ಮಾಡುಗಳ ಹೊರನೋಟ ಏನನ್ನೂ ಹೇಳದು. ಕೊಳವೆಯೊಂದನ್ನೇ ಬಿಡಿಸಿ ತೋರಿಸಿದ ಚಿತ್ರವೂ ಸಾಲದು, ಏಕೆಂದರೆ ಅದು ಒಲೆಗೆ ಎಲ್ಲಿ ಕೂಡುತ್ತದೆಂಬುದು ಅದರಿಂದ ತಿಳಿಯುವುದಿಲ್ಲ. ಕಟ್ಟಡವನ್ನು ಉದ್ದಕ್ಕೆ ಸೀಳಿದಂತೆ ಬರೆದ ಛೇದಚಿತ್ರವೇ ಇಲ್ಲಿ ತಕ್ಕುದು.

ಶೋಧನೆಯ ಜಾತಿ ಬದಲಾದರೆ ಚಿತ್ರದ ಜಾತಿಯೂ ಬದಲಾಗುತ್ತದೆ. ಕೃಷ್ಣರಾಜನಗರವು ಭತ್ತದ ಸೀಮೆ. ಭತ್ತವನ್ನು ನೆನೆಸಿ, ಬೇಯಿಸಿ, ಒಣಗಿಸುವ ಕ್ರಮದಲ್ಲಿ ಹೊಸತಿದ್ದರೆ, ಹಂಡೆಯ ಚಿತ್ರಕ್ಕಿಂತ ಹಂತಗಳ ಪ್ರವಾಹಚಿತ್ರ ಮೇಲು. ಚಿತ್ರಗಳಲ್ಲಿ ವಿವರಣೆಯ ಮಾತುಗಳಿರಕೂಡದೆಂಬ 15ನೆಯ ನಿಯಮವು ಪ್ರವಾಹಚಿತ್ರಕ್ಕೆ ಮಾತ್ರ ವಿನಾಯಿತಿ ಕೊಟ್ಟಿರುವುದಕ್ಕೆ ಕಾರಣವನ್ನು ಊಹಿಸುವುದು ಕಷ್ಟವಲ್ಲ. ಮಾತಿಲ್ಲದೆ ಹಂತಗಳು ತಿಳಿಯವು. ಹೆಗ್ಗಡದೇವನಕೋಟೆಯ ಕಾಡಂಚಿನ ಹೊಲಗಳಲ್ಲಿ ಆನೆಗಳನ್ನು ತಡೆಯಲು ಸೌರವಿದ್ಯುತ್ತಿನ ಬೇಲಿ ಹಾಕುವುದುಂಟು. ಶೋಧನೆಯು ತಂತಿಗೆ ವಿದ್ಯುತ್ತಿನ ಮಿಡಿತವನ್ನು ಕಳುಹಿಸುವ ಮಂಡಲದಲ್ಲಿದ್ದರೆ, ಕಂಬಗಳ ಸಾಲನ್ನೂ ಆನೆಯನ್ನೂ ಬರೆದು ಫಲವಿಲ್ಲ. ವಿದ್ಯುನ್ಮಂಡಲದ ನಕ್ಷೆಯೇ ಬೇಕು.

ಈ ವಿವೇಕಕ್ಕೆ ಪ್ರಸಿದ್ಧವಾದ ಉದಾಹರಣೆ ರೈಟ್ ಸಹೋದರರದು. ಅವರು 1903ರ ಮಾರ್ಚಿಯಲ್ಲಿ ಅರ್ಜಿ ಸಲ್ಲಿಸಿ, 1906ರಲ್ಲಿ ಪಡೆದ ಅಮೆರಿಕದ ಪೇಟೆಂಟಿನ ಹೆಸರು ಹಾರುವ ಯಂತ್ರ ಎಂದು. ಆದರೆ ಅದರ ಚಿತ್ರಗಳಲ್ಲಿ ಎಂಜಿನ್ನೇ ಇಲ್ಲ. ಅವರ ಶೋಧನೆಯ ತಿರುಳು ರೆಕ್ಕೆಯ ಅಂಚನ್ನು ತಿರುಚಿ ಸಮತೋಲವನ್ನು ಕಾಯುವ ಉಪಾಯ. ಚಿತ್ರಗಳು ತೋರಿಸುವುದೂ ರೆಕ್ಕೆ, ಹಗ್ಗ, ಚುಕ್ಕಾಣಿಗಳನ್ನೇ.

ಸಾರಾಂಶವಾಗಲಿ ಅದರ ಚಿತ್ರವಾಗಲಿ ಹಕ್ಕಿನ ಮೇರೆಯನ್ನು ನಿರ್ಣಯಿಸುವುದಿಲ್ಲ. ಅದು ಹಕ್ಕುಕೋರಿಕೆಗಳ ಕೆಲಸ. ಹಾಗಿದ್ದ ಮೇಲೆ ಚಿತ್ರದ ಬಗ್ಗೆ ಇಷ್ಟು ಚಿಂತೆಯೇಕೆ ಎಂದು ವಾಚಕರು ಕೇಳಬಹುದು. ಅದಕ್ಕೆ ಉತ್ತರವಿದು. ಅರ್ಜಿಯು ಪ್ರಕಟವಾದ ಮೇಲೆ, ಪೇಟೆಂಟು ಮಂಜೂರಾಗುವ ಮುನ್ನ, ಯಾರು ಬೇಕಾದರೂ ಲಿಖಿತ ಆಕ್ಷೇಪಣೆ ಸಲ್ಲಿಸಬಹುದೆಂದು ಅಧಿನಿಯಮದ 25ನೆಯ ಪ್ರಕರಣ ಹೇಳುತ್ತದೆ. ಆ ವಸ್ತುವು ಭಾರತದಲ್ಲಿ ಮೊದಲೇ ಬಹಿರಂಗವಾಗಿ ಬಳಕೆಯಲ್ಲಿತ್ತೆಂಬುದೂ, ಸ್ಥಳೀಯ ಸಮುದಾಯಕ್ಕೆ ಬಾಯಿಮಾತಿನಿಂದಾದರೂ ತಿಳಿದಿತ್ತೆಂಬುದೂ ಆಕ್ಷೇಪಣೆಗೆ ಸಾಕಾದ ಆಧಾರಗಳು. ಪಿರಿಯಾಪಟ್ಟಣದ ಬೇಸಾಯಗಾರನ ತಂದೆಯ ಕಾಲದಿಂದ ಅವರ ಬ್ಯಾರನ್ನಿನಲ್ಲಿರುವ ಕೊಳವೆಗೆ ದೂರದ ಊರಿನವನೊಬ್ಬನು ಹಕ್ಕು ಕೇಳಿದನೆನ್ನೋಣ. ಪತ್ರಿಕೆಯಲ್ಲಿ ಛೇದಚಿತ್ರವಿದ್ದರೆ ಬೇಸಾಯಗಾರನು ಒಂದೇ ನೋಟಕ್ಕೆ ಅದನ್ನು ಗುರುತಿಸಿಯಾನು. ಗೋಡೆಯ ಹೊರನೋಟ ಮಾತ್ರ ಅಚ್ಚಾಗಿದ್ದರೆ ಆ ಪುಟವನ್ನು ತಿರುವಿಹಾಕುವನು. ಆಕ್ಷೇಪಿಸುವ ಅವಕಾಶವೂ ಅಷ್ಟರಲ್ಲಿ ಕಳೆದುಹೋದೀತು. ಪ್ರಾಮಾಣಿಕನಾದ ಶೋಧಕನಿಗೂ ತಪ್ಪು ಚಿತ್ರದಿಂದ ನಷ್ಟವೇ. ಅವನ ಕೆಲಸದಲ್ಲಿ ಆಸಕ್ತಿವಹಿಸಬಹುದಾದವರು ಅದನ್ನು ಕಾಣದೆ ಮುಂದೆ ಹೋಗುತ್ತಾರೆ.

ಆದಕಾರಣ ವಿಜ್ಞಾನದ ಅಧ್ಯಾಪಕರು ತರಗತಿಯಲ್ಲಿ ಒಂದು ಅಭ್ಯಾಸವನ್ನು ಮಾಡಿಸಬಹುದು. ಪ್ರಕಟವಾದ ಅರ್ಜಿಯೊಂದರ ಹಕ್ಕುಕೋರಿಕೆಯನ್ನೂ ಎಲ್ಲ ಚಿತ್ರಗಳನ್ನೂ ವಿದ್ಯಾರ್ಥಿಗಳಿಗೆ ಕೊಟ್ಟು, ಸಾರಾಂಶದ ಚಿತ್ರವನ್ನು ಅವರಿಂದಲೇ ಆರಿಸಿಸಿ, ಕಾರಣವನ್ನು ಬರೆಯಿಸುವುದು. ಒಂದು ವಸ್ತುವಿನಲ್ಲಿ ಹಳೆಯದಾವುದು, ಹೊಸದಾವುದು ಎಂದು ಬೇರ್ಪಡಿಸುವ ದೃಷ್ಟಿ ಇದರಿಂದ ಅವರಲ್ಲಿ ಬೆಳೆಯುತ್ತದೆ.